ಅಕ್ಕನ ಟ್ಯಾಂಕಿನ ನೀರು

ಅಕ್ಕನ ಹಲ್ಲಿಗೆ ಬೇರೆ ದಿನವೇ ಸಿಗಲಿಲ್ಲ. ವಾರವಿಡೀ ಸುಮ್ಮನಿದ್ದ ದವಡೆ, ಸಾಗರ ವಿಜ್ಞಾನದ ಮೊದಲ ಪ್ರಾಕ್ಟಿಕಲ್ ಇದ್ದ ದಿನವೇ ಬೆಳಿಗ್ಗೆ ಊದಿಕೊಂಡು ಕೂತಿತು. ಎಡಗೆನ್ನೆ ಬನ್ನಿನ ಹಾಗೆ ಉಬ್ಬಿ, ಕಣ್ಣು ಅರ್ಧ ಮುಚ್ಚಿ, ಮಾತಾಡಿದರೆ ಬಾಯಲ್ಲಿ ಹತ್ತಿ ತುರುಕಿದಂತೆ ಕೇಳುತ್ತಿತ್ತು.

"ನೀನ್ ಹೋಗ್ ಬಾರೇ," ಎಂದಳು ಅಕ್ಕ. "ಒಂದಕ್ಷರ ಬಿಡದೆ ಕೇಳಿಸ್ಕೊಂಡು ಬಂದು ನಂಗೆ ಹೇಳ್ಬೇಕು. ಹ್ಞಾಂ?"

"ಹ್ಞೂಂ," ಎಂದಳು ತಂಗಿ.

ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲ ಇವರು. ಅಕ್ಕ ದೊಡ್ಡಪ್ಪನ ಮಗಳು, ಕೆಲವೇ ತಿಂಗಳಿಗೆ ದೊಡ್ಡವಳು. ಅಣ್ಣತಮ್ಮಂದಿರಿಬ್ಬರದೂ ಒಂದೇ ಮನೆ. ಕೆಳಗೆ ಫೋಟೋಗಳಿಗೆ ಕಟ್ಟು ಹಾಕಿಕೊಡುವ ಅಂಗಡಿ, ಮೇಲೆ ಸಂಸಾರ. ಅಂಗಡಿಯಲ್ಲಿ ದೊಡ್ಡಪ್ಪ ಗಾಜು ಕೊಯ್ಯುತ್ತಾರೆ, ತಂಗಿಯ ಅಪ್ಪ ಮೊಳೆ ಹೊಡೆಯುತ್ತಾನೆ. ಕೊಯ್ಯುವವರ ಮಾತಿಗೆ ಹೊಡೆಯುವವನು ಎದುರಾಡಿದ್ದು ಇವತ್ತಿನವರೆಗೂ ಯಾರೂ ಕೇಳಿಲ್ಲ. ಹುಡುಗಿಯರಿಬ್ಬರಿಗೂ ಸೇರಿ ಒಂದು ಕೋಣೆ, ಎರಡು ಮಂಚ, ಒಂದು ಕಿಟಕಿ. ಕಿಟಕಿಯ ಮಗ್ಗುಲು ಅಕ್ಕನದು.

ಕಿಟಕಿ ಒಂದೇ ಏನು, ಎಲ್ಲವೂ ಮೊದಲು ಅಕ್ಕನದು. ಅಕ್ಕನಿಗೆ ಗಿಡ್ಡವಾದ ಫ್ರಾಕು, ಅಕ್ಕನಿಗೆ ಬೇಜಾರಾದ ಬ್ಯಾಗು, ಅಕ್ಕ ಅಂಚಿನಲ್ಲಿ ಹೂವು ಗೀಚಿ ಮುಗಿಸಿದ ಕಥೆಪುಸ್ತಕ, ಇವೆಲ್ಲ ಆಮೇಲೆ ತಂಗಿಗೆ. ಕಾಲೇಜಾದರೂ ಬೇರೆಯಾದೀತೆಂದು ತಂಗಿ ಆಸೆಪಟ್ಟಿದ್ದಳು. ಅಷ್ಟರಲ್ಲಿ ಅಕ್ಕ ಟಿವಿಯಲ್ಲಿ ತಿಮಿಂಗಿಲವನ್ನು ನೋಡಿ, ಓದಿದರೆ ಇದನ್ನೇ ಓದುವುದೆಂದು ಹಟ ಹಿಡಿದಳು. ದೊಡ್ಡಪ್ಪ ತಲೆ ಕೆರೆದುಕೊಂಡರು. ಸಮುದ್ರದ ಪಕ್ಕದ ಕಾಲೇಜು, ಬಸ್ಸಿನಲ್ಲಿ ಹೋಗಿ ಬರುವ ದೂರ. "ಒಬ್ಬಳನ್ನೇ ಹೇಗೆ ಕಳ್ಸೋದು? ಇವಳೂ ಸೇರ್ಕೊಳ್ಲಿ, ಜೊತೆಗಾಗುತ್ತೆ," ಎಂದು ತಂಗಿಯತ್ತ ಬೆರಳು ತೋರಿಸಿದರು. ಡಬ್ಬಿ ಕೊಂಡರೆ ಮುಚ್ಚಳ ಅದರ ಜೊತೆಗೇ ಬರುವ ಹಾಗೆ ತಂಗಿ ಕಾಲೇಜು ಸೇರಿದಳು.

ಆದರೆ ಆ ಮುಚ್ಚಳಕ್ಕೂ ಒಂದು ಮನಸ್ಸಿತ್ತು ನೋಡಿ. ಚಂದ್ರ ಅಲ್ಲೆಲ್ಲೋ ತನ್ನ ಪಾಡಿಗೆ ತಾನು ಸುತ್ತುತ್ತ ಇಲ್ಲಿಯ ನೀರನ್ನು ಎಳೆದಾಡುತ್ತಾನೆಂದು ಕೇಳಿದ ದಿನ ತಂಗಿಗೆ ಊಟ ಸೇರಲಿಲ್ಲ. ಬೆಳಕೇ ಕಾಣದ ಆಳದಲ್ಲಿ, ಮೇಲಿನಿಂದ ಉದುರುವ ಕಸವನ್ನೇ ಕಾಯುತ್ತ ಬದುಕುವ ಜೀವಗಳಿವೆ ಎಂದಾಗ ಅವು ಯಾರೋ ಹತ್ತಿರದ ನೆಂಟರಂತೆ ಕಂಡವು. ಅಕ್ಕನಿಗೆ ಸಮುದ್ರವೆಂದರೆ ಐಸ್‌ಕ್ರೀಮಿನ ಹಾಗೆ, ಇದ್ದರೆ ಖುಷಿ. ತಂಗಿಗೆ ಅದು ಹಸಿವಾಗಿಬಿಟ್ಟಿತು. ಈ ವಿಷಯ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗಲು ಯಾರಾದರೂ ಕೇಳಬೇಕಲ್ಲ.

ಸರಿ, ಆ ದಿನ ಜೊತೆಗೆ ಅಕ್ಕನಿಲ್ಲ. ಹಾಗಾಗಿ ದೊಡ್ಡಪ್ಪನೇ ಅಂಗಡಿ ಬಿಟ್ಟು ಬಸ್ಸಿನಲ್ಲಿ ಬಂದು, ಕಾಲೇಜಿನ ಗೇಟಿನಲ್ಲಿ ವಾಚ್‌ಮನ್ನಿನ ಪಕ್ಕ ಕುರ್ಚಿ ಹಾಕಿಸಿಕೊಂಡು, ಕ್ಲಾಸು ಮುಗಿಯುವವರೆಗೂ ಕೊಡೆ ಊರಿಕೊಂಡು ಕೂತರು. ಕಿಟಕಿಯಿಂದ ಎಲ್ಲರಿಗೂ ಕಾಣುತ್ತಿತ್ತು. ಕ್ಲಾಸಿನಲ್ಲಿ ರೇಡಿಯೋ ಎಂದು ಕರೆಸಿಕೊಳ್ಳುವ ಹುಡುಗನೊಬ್ಬನಿದ್ದ. ನಿದ್ದೆಯಲ್ಲೂ ಬಾಯಿ ಮುಚ್ಚದವನು. ಅವನು ಬಗ್ಗಿ ನೋಡಿ, "ಯಾರದು, ನಿಮ್ ಕಡೆ ಸೆಕ್ಯೂರಿಟೀನಾ?" ಎಂದ. ತಂಗಿ ಕಿಟಕಿಯ ಬಾಗಿಲು ಮುಂದಕ್ಕೆ ಎಳೆದಳು.

ಪ್ರಾಕ್ಟಿಕಲ್ ನಡೆಯುವುದು ಹಿಂದಿನ ಉದ್ದನೆಯ ಕೋಣೆಯಲ್ಲಿ. ಸದಾ ಒದ್ದೆ ನೆಲ, ತಲೆಯ ಮೇಲೆ ಗಿರಗಿರ ಫ್ಯಾನು, ಗೋಡೆಗುಂಟ ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಸಾಲಾಗಿ ಸೂಟ್‌ಕೇಸಿನಷ್ಟು ದೊಡ್ಡ ಗಾಜಿನ ಟ್ಯಾಂಕುಗಳು, ಪ್ರತಿಯೊಂದರಲ್ಲೂ ಗುಳುಗುಳು ಗಾಳಿ ಬಿಡುವ ಪೈಪು. ಮೇಷ್ಟ್ರು ಸಣಕಲು ಆಳು. ಮೊಣಕಾಲಿನವರೆಗೆ ರಬ್ಬರ್ ಬೂಟು ಹಾಕಿಕೊಂಡು ಬಕೆಟ್ಟಿನಲ್ಲಿಟ್ಟ ಕೋಲಿನಂತೆ ಕಾಣುತ್ತಿದ್ದರು.

"ಒಬ್ಬೊಬ್ಬರಿಗೆ ಒಂದೊಂದು ಟ್ಯಾಂಕು," ಎಂದರು. "ಒಂದು ನಕ್ಷತ್ರಮೀನು, ಮುಳ್ಳುಮುಳ್ಳಿನ ಒಂದು ಅರ್ಚಿನ್, ಹೂವಿನಂಥ ಒಂದು ಅನಿಮೋನ್, ನಾಲ್ಕು ಶಂಖದ ಹುಳ. ಟರ್ಮ್ ಮುಗಿಯೋವರೆಗೂ ಬದುಕಿಸಿ. ಯಾರ ಟ್ಯಾಂಕು ಚೆನ್ನಾಗಿರುತ್ತೋ ಅವರಿಗೆ ರಜೇಲಿ ಇಲಾಖೆಯ ಸರ್ವೇ ಹಡಗಲ್ಲಿ ಹೋಗೋಕೆ ಒಂದು ಬಂಕು, ಅಂದ್ರೆ ಮಲಗೋ ಜಾಗ. ಒಂದೇ. ಎರಡು ಕೇಳ್ಬೇಡಿ."

ತಂಗಿಯ ಎದೆಯೊಳಗೆ ಏನೋ ಎದ್ದು ನಿಂತಿತು. ಹಡಗು. ದಡ ಕಾಣದ ಕಡೆಗೆ ಹೋಗಿ, ಆಳದಿಂದ ಬಲೆ ಎಳೆದು, ಬಂದದ್ದನ್ನು ಕೈಯಲ್ಲಿ ಹಿಡಿದು ನೋಡುವ ಹಡಗು. ಮೊದಲು ಯಾರೂ ಮುಟ್ಟದೆ ನೇರವಾಗಿ ತನ್ನ ಕೈಗೇ ಬರುವ ಒಂದು ವಸ್ತು.

ಕೊನೆಗೆ ಮೇಷ್ಟ್ರು ಕೈ ಒರೆಸಿಕೊಳ್ಳುತ್ತ ಇನ್ನೊಂದು ಮಾತು ಹೇಳಿದರು. "ಈ ಫ್ಯಾನಿನ ಗಾಳಿಗೆ ಟ್ಯಾಂಕಿನ ನೀರು ದಿನಾ ಇಳಿಯುತ್ತೆ. ಆವಿಯಾಗೋದು ನೀರು, ಉಪ್ಪಲ್ಲ. ಉಪ್ಪು ಒಳಗೇ ಇರುತ್ತೆ. ಅದಕ್ಕೇ ತುಂಬಿಸೋವಾಗ ಸಿಹಿನೀರನ್ನೇ ಹಾಕಿ, ಆ ಮೂಲೆ ಡ್ರಮ್ಮಲ್ಲಿದೆ. ಸಮುದ್ರದ ನೀರು ಹಾಕಿದ್ರೆ ದಿನದಿನಾ ಉಪ್ಪು ಏರಿ ಎಲ್ಲಾ ಸಾಯ್ತವೆ. ಒಂದೇ ಸಲ ಹೇಳೋದು ನಾನು."

ಸಂಜೆ ಅಕ್ಕ ಕೆನ್ನೆಗೆ ಐಸು ಒತ್ತಿಕೊಂಡು ಮಂಚದ ಮೇಲೆ ಕೂತಿದ್ದಳು. ತಂಗಿ ಎಲ್ಲ ಹೇಳಿದಳು. ನಕ್ಷತ್ರಮೀನನ್ನು ಹಿಡಿಯುವುದು ಹೇಗೆ, ಅನಿಮೋನಿಗೆ ಎಷ್ಟು ತಿನ್ನಿಸಬೇಕು, ಬಿಸಿಲು ಎಷ್ಟು ಬೀಳಬೇಕು. ಹಡಗಿನ ವಿಷಯವನ್ನೂ ಹೇಳಿದಳು. ಅಕ್ಕನ ಒಂದು ಕಣ್ಣು ಅರಳಿತು, ಇನ್ನೊಂದು ಊದಿತ್ತು.

"ನಂಗೆ ಸಿಕ್ಕಿದ್ರೆ ನಿನ್ನನ್ನೂ ಕರ್ಕೊಂಡು ಹೋಗೋಕೆ ಸರ್‌ನ ಕಾಡಿ ಒಪ್ಪಿಸ್ತೀನಿ," ಎಂದಳು. "ನಿಂಗೆ ಸಿಕ್ಕಿದ್ರೆ ಅಪ್ಪನ್ನ ಒಪ್ಪಿಸೋದು ನನ್ನ ಕೆಲ್ಸ. ಒಬ್ಬಳನ್ನೇ ಕಳ್ಸಲ್ಲ ಅಂತ ಕೂತ್ಕೋತಾರೆ. ನಾನು ಎರಡು ಮಾತು ಹೇಳಿದ್ರೆ ಆಯ್ತು, ನಿಂಗೊತ್ತಲ್ಲ."

ಗೊತ್ತಿತ್ತು. ದೊಡ್ಡಪ್ಪ ಊರಿಗೆಲ್ಲ ಗಾಜು, ಮಗಳಿಗೆ ಮಾತ್ರ ಮೇಣ. ಅಕ್ಕ ಮುಖ ಸಣ್ಣಗೆ ಮಾಡಿದರೆ ಸಾಕು, ಇಲ್ಲ ಎಂದದ್ದು ಹೌದಾಗುತ್ತಿತ್ತು. ಒಳ್ಳೆಯವಳು ಅಕ್ಕ. ಅವಳ ಮೇಲೆ ನೆಮ್ಮದಿಯಾಗಿ ಒಂದು ಸಿಟ್ಟು ಮಾಡಿಕೊಳ್ಳಲೂ ಬಿಡದಷ್ಟು ಒಳ್ಳೆಯವಳು. ಕೊಡುವಾಗಲೂ ತನ್ನದರಲ್ಲೇ ಒಂದು ತುಂಡು ಮುರಿದು ಕೊಡುತ್ತಿದ್ದಳು. ತಂಗಿಗೆ ಆ ತುಂಡುಗಳು ಸಾಕಾಗಿದ್ದವು.

"ನೀರು ಕಮ್ಮಿ ಆದ್ರೆ?" ಎಂದಳು ಅಕ್ಕ.

"ತುಂಬಿಸ್ಬೇಕು. ಮೂಲೇಲಿ ಡ್ರಮ್ಮಿದೆ."

"ಡ್ರಮ್ಮಲ್ಲಿ ನಿಂತ ನೀರಾ? ಪಾಪ ಕಣೇ ಅವು. ಕಾಲೇಜಿನ ಹಿಂದೇನೇ ಸಮುದ್ರ ಇದೆಯಲ್ಲ. ನಾನು ದಿನಾ ಅಲ್ಲಿಂದ ತಾಜಾ ನೀರು ತಂದು ಹಾಕ್ತೀನಿ. ಹುಟ್ಟಿದ ಮನೆ ನೀರು. ಆಗುತ್ತೆ ತಾನೆ?"

ತಂಗಿ ಬಾಯಿ ತೆರೆದಳು. ಮೇಷ್ಟ್ರು ಹೇಳಿದ್ದು ಅಕ್ಷರ ಬಿಡದೆ ನಾಲಿಗೆಯ ಮೇಲಿತ್ತು. ಹೇಳಿದ್ದರೆ ಕಥೆ ಇಲ್ಲಿಗೇ ಮುಗಿಯುತ್ತಿತ್ತು, ಅಕ್ಕ ಎಂದಿನಂತೆ ಮುಂದೆ ಹೋಗುತ್ತಿದ್ದಳು.

"ಆಗುತ್ತೆ," ಎಂದಳು ತಂಗಿ.

ಕೆನ್ನೆಯ ಊತ ಇಳಿದದ್ದೇ ಅಕ್ಕನ ತೀರ್ಥಯಾತ್ರೆ ಶುರುವಾಯಿತು. ಬಸ್ಸು ಇಳಿದದ್ದೇ ಚಪ್ಪಲಿ ಕೈಯಲ್ಲಿ ಹಿಡಿದು, ಪ್ಯಾಂಟು ಮಡಚಿ, ಅಲೆಗೆ ಇಳಿದು ಒಂದು ಕ್ಯಾನಿನ ತುಂಬ ನೀರು ತುಂಬುವುದು. ಎರಡೂ ಕೈಯಲ್ಲಿ ಹಿಡಿದು, ಒಂದು ಪಕ್ಕಕ್ಕೆ ವಾಲಿಕೊಂಡು, ಮರಳಲ್ಲಿ ಕಾಲು ಹೂಳಿಸಿಕೊಳ್ಳುತ್ತ ತರುವುದು. ಟ್ಯಾಂಕಿನಲ್ಲಿ ಎಷ್ಟು ಇಳಿದಿದೆಯೋ ಅಷ್ಟನ್ನು ಮಗುವಿಗೆ ಹಾಲೆರೆದಂತೆ ಸುರಿಯುವುದು. "ಕುಡೀರಿ ಬಂಗಾರ, ಅಮ್ಮನ ಮನೆ ನೀರು," ಎನ್ನುತ್ತಿದ್ದಳು. ಡ್ರಮ್ಮಿನ ಮುಂದೆ ಮಗ್ಗು ಹಿಡಿದು ನಿಂತವರನ್ನು ಕಂಡು, "ಸೋಮಾರಿಗಳು. ಹಳಸಲು ನೀರು ಹಾಕ್ತಾರೆ ನೋಡು," ಎಂದು ತಂಗಿಯ ಕಿವಿಯಲ್ಲಿ ಹೇಳುತ್ತಿದ್ದಳು. ತಂಗಿ ಮಗ್ಗು ಹಿಡಿದು ಅದೇ ಸಾಲಿನಲ್ಲಿ ನಿಂತಿರುತ್ತಿದ್ದಳು.

ಕ್ಲಾಸಿಗೆ ವಿಷಯ ತಿಳಿಯಲು ಎರಡು ದಿನವೂ ಬೇಕಾಗಲಿಲ್ಲ. ಮೊದಲು ಕಂಡದ್ದು ರೇಡಿಯೋಗೆ. ಅವನು ಕ್ಯಾಂಟೀನಿನಲ್ಲಿ ತಂಗಿಯ ಎದುರು ಟೀ ಲೋಟ ಇಟ್ಟುಕೊಂಡು ಕೂತ.

"ನಿಮ್ಮಕ್ಕಂಗೆ ಸಿಹಿನೀರಿನ ವಿಷ್ಯ ಗೊತ್ತಿಲ್ವಾ?"

"ನೀನೇ ಹೇಳು."

"ನಾನ್ಯಾಕೆ ಹೇಳ್ಲಿ? ನನ್ನಕ್ಕಾನಾ?" ಎಂದು ಅವನು ಟೀ ಊದಿದ. ತಂಗಿಯ ಮುಖ ನೋಡಿ ಹಲ್ಲು ಕಿರಿದ. "ಒಂದೇ ಬಂಕು, ಅಲ್ವಾ."

"ಒಂದೇ."

"ಒಬ್ಬರು ಕಮ್ಮಿ ಆದ್ರೆ ಎಲ್ರಿಗೂ ಒಳ್ಳೇದೇ."

ಹೊಟ್ಟೆಯಲ್ಲಿ ಒಂದು ಮಾತೂ ನಿಲ್ಲದ ರೇಡಿಯೋ ಈ ಒಂದು ಮಾತನ್ನು ಜೋಪಾನವಾಗಿ ಇಟ್ಟುಕೊಂಡ. ಇಡೀ ಕ್ಲಾಸು ಇಟ್ಟುಕೊಂಡಿತು. ಯಾರೂ ಯಾರಿಗೂ ಆಣೆ ಹಾಕಲಿಲ್ಲ, ಯಾರೂ ಕಣ್ಣು ಮಿಟುಕಿಸಲಿಲ್ಲ. ಎಲ್ಲರ ಬಾಯಿಗೂ ತಂತಾನೇ ಬೀಗ ಬಿತ್ತು, ಅಷ್ಟೇ. ಕೆಲವರಂತೂ ಅಕ್ಕನಿಗೆ ಮೆಟ್ಟಿಲ ಬಳಿ ಕ್ಯಾನು ಹಿಡಿದುಕೊಳ್ಳಲು ನೆರವಾಗುತ್ತಿದ್ದರು. "ಏನಕ್ಕಾ, ಇವತ್ತು ಎಷ್ಟನೇ ಅಲೇದು?" ಎಂದು ರೇಡಿಯೋ ಕೇಳುತ್ತಿದ್ದ. "ಏಳನೇದು ಕಣೋ, ಅದೇ ತಣ್ಣಗಿರೋದು," ಎಂದು ಅಕ್ಕ ಬೆವರು ಒರೆಸಿಕೊಂಡು ನಗುತ್ತಿದ್ದಳು. ಕೋಣೆಯಲ್ಲಿ ಎಲ್ಲರೂ ನಗುತ್ತಿದ್ದರು. ಎಂಥ ಒಳ್ಳೆಯ ಕ್ಲಾಸು ನಮ್ಮದು ಎಂದು ಅಕ್ಕ ಮನೆಯಲ್ಲಿ ಹೇಳಿಕೊಂಡಳು.

ಮೊದಲು ಸೊರಗಿದ್ದು ಅನಿಮೋನ್. ಕಡಲಿನ ಹೂವಿನಂತೆ ಬೆರಳುಗಳನ್ನು ಬಿಚ್ಚಿ ಆಡಿಸುತ್ತಿದ್ದದ್ದು, ಅಗಿದು ಬಿಟ್ಟ ಚೂಯಿಂಗ್ ಗಮ್ಮಿನಂತೆ ಮುದುಡಿತು. ಅಕ್ಕನಿಗೆ ಅದು ನಾಚಿಕೊಂಡಂತೆ ಕಂಡಿತು. ಆಮೇಲೆ ನಕ್ಷತ್ರಮೀನಿನ ತೋಳುಗಳ ತುದಿ ಮೇಲಕ್ಕೆ ಸುರುಳಿ ಸುತ್ತಿ, ಗಾಜಿಗೆ ಅಂಟಿದ್ದ ಹಿಡಿತ ಸಡಿಲಿ, ಅದು ತಳಕ್ಕೆ ಬಿತ್ತು. ಟ್ಯಾಂಕಿನ ಅಂಚಿಗೆಲ್ಲ ಬಿಳಿ ಉಪ್ಪು ಕಟ್ಟತೊಡಗಿತು. ಅಕ್ಕ ದಿನವೂ ಅದನ್ನು ಬಟ್ಟೆಯಲ್ಲಿ ಒರೆಸಿ ಗಾಜು ಫಳಫಳ ಮಾಡುತ್ತಿದ್ದಳು. ಗಾಜು ಒರೆಸುವುದು ಮನೆತನದ ವಿದ್ಯೆ.

"ಯಾಕೇ ಹೀಗಾಗ್ತಿದೆ?" ಎಂದು ಕೇಳಿದಳು. "ನಿಂದು ನೋಡು ಎಷ್ಟು ಚೆನ್ನಾಗಿದೆ. ನಾನೇನು ತಪ್ಪು ಮಾಡ್ತಿದ್ದೀನಿ?"

"ಏನಿಲ್ಲ ಕಣೇ. ನಿಂಗೆ ಕೊಟ್ಟಿದ್ದೇ ರೋಗದ್ದು ಅನ್ಸುತ್ತೆ."

"ನೀರು ಸಾಲ್ತಿಲ್ವೇನೋ." ಅಕ್ಕ ಮಧ್ಯಾಹ್ನವೂ ಒಂದು ಸಲ ಕ್ಯಾನು ಹೊತ್ತು ತಂದಳು. ಟ್ಯಾಂಕಿನಿಂದ ಒಂದಷ್ಟು ತೆಗೆದು ಚೆಲ್ಲಲೂ ಮನಸ್ಸು ಬರಲಿಲ್ಲ ಅವಳಿಗೆ. ಇಳಿದಷ್ಟನ್ನೂ ಕಂಠಮಟ್ಟ ತುಂಬಿದಳು.

ತಂಗಿ ಮೊದಮೊದಲು ಅಕ್ಕನ ಟ್ಯಾಂಕಿಗೆ ಬೆನ್ನು ಹಾಕಿ ನಿಲ್ಲುತ್ತಿದ್ದಳು. ದಿನ ಕಳೆದಂತೆ ಇನ್ನೊಂದು ಶುರುವಾಯಿತು, ಅದನ್ನು ಹೇಳಲೂ ನಾಚಿಕೆ. ಬೆಳಿಗ್ಗೆ ಆ ಕೋಣೆಗೆ ಬಂದರೆ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ತನ್ನ ಟ್ಯಾಂಕಿಗಲ್ಲ, ಅಕ್ಕನದಕ್ಕೆ. ಇವತ್ತು ಎಷ್ಟು ಕೆಟ್ಟಿದೆ ಎಂದು ನೋಡಿದ ಮೇಲೇ ಅವಳಿಗೆ ಉಸಿರು ಸರಾಗ. ಹಾಗಂತ ಆ ಜೀವಗಳ ಮೇಲೆ ಪ್ರೀತಿ ಇರಲಿಲ್ಲವೆಂದಲ್ಲ. ಅಕ್ಕನ ಅರ್ಚಿನ್, ಆ ಮುಳ್ಳಿನ ಪುಟ್ಟ ಚೆಂಡು, ಒಂದು ಬೆಳಿಗ್ಗೆ ಮುಳ್ಳುಗಳನ್ನೆಲ್ಲ ಜೋಲು ಬಿಟ್ಟು ಕೂತಿತ್ತು. ನಾಲ್ಕೈದು ಉದುರಿ ತಳದಲ್ಲಿ ಗುಂಡುಪಿನ್ನಿನಂತೆ ಬಿದ್ದಿದ್ದವು. ಕೋಣೆಯಲ್ಲಿ ಯಾರೂ ಇರಲಿಲ್ಲ. ತಂಗಿ ಡ್ರಮ್ಮಿಗೆ ಹೋಗಿ ಮಗ್ಗು ತುಂಬ ಸಿಹಿನೀರು ತಂದಳು. ಅಕ್ಕನ ಟ್ಯಾಂಕಿನ ಮುಂದೆ ಮಗ್ಗು ಎತ್ತಿ ಹಿಡಿದು ನಿಂತಳು. ಆಮೇಲೆ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತನ್ನದಕ್ಕೆ ಹೊಯ್ದುಕೊಂಡಳು.

ಟರ್ಮಿನ ನಡುವೆ ಉಪ್ಪಿನ ಪಾಠ ಬಂತು. ಅಷ್ಟು ಹೊತ್ತಿಗೆ ಅಕ್ಕನ ಟ್ಯಾಂಕಿನಲ್ಲಿ ಉಳಿದಿದ್ದದ್ದು ಒಂದು ಶಂಖದ ಹುಳ, ಅದೂ ಬಾಗಿಲು ಮುಚ್ಚಿಕೊಂಡು. ಮೇಷ್ಟ್ರು ಬೀರುವಿನಿಂದ ಪುಟ್ಟ ದುರ್ಬೀನಿನಂಥದ್ದೊಂದನ್ನು ತೆಗೆದರು. ಅದರ ಗಾಜಿನ ಮೇಲೆ ಒಂದು ಹನಿ ನೀರು ಬಿಟ್ಟು ಬೆಳಕಿಗೆ ಹಿಡಿದರೆ ಉಪ್ಪೆಷ್ಟು ಎಂದು ಒಳಗೆ ಗೆರೆ ಕಾಣುತ್ತದೆ.

"ಸಮುದ್ರಕ್ಕೆ ಮೂವತ್ತೈದರ ಸುತ್ತಮುತ್ತ," ಎಂದರು. ಒಂದೆರಡು ಟ್ಯಾಂಕಿನ ನೀರು ತೋರಿಸಿದರು, ಸರಿಯಾಗೇ ಇತ್ತು. ಆಮೇಲೆ, ಅದಕ್ಕೇ ಕಾದಿದ್ದವರಂತೆ, ಅಕ್ಕನ ಟ್ಯಾಂಕಿನ ಮುಂದೆ ನಿಂತು, "ಬಾಮ್ಮ, ನೀನೇ ನೋಡಿ ಹೇಳು," ಎಂದರು.

ಅಕ್ಕ ಒಂದು ಕಣ್ಣು ಮುಚ್ಚಿ ನೋಡಿದಳು. "ಅರವತ್ತು ಸರ್. ಇದು ಕೆಟ್ಟಿದೆ ಅನ್ಸುತ್ತೆ."

ನಗು ಹಿಂದಿನಿಂದ ಶುರುವಾಗಿ ಮುಂದಕ್ಕೆ ಬಂತು. ರೇಡಿಯೋ ಕೆಮ್ಮಿನಲ್ಲಿ ಮುಚ್ಚಿಕೊಳ್ಳಲು ಹೋಗಿ ಸೋತ. ಮೇಷ್ಟ್ರು ನಗಲಿಲ್ಲ. "ಯಾವ ನೀರು ತುಂಬಿಸ್ತಿದ್ದೆ?"

"ಸಮುದ್ರದ್ದೇ ಸರ್. ದಿನಾ ತಾಜಾ."

"ನೋಡ್ರಪ್ಪ," ಎಂದು ಮೇಷ್ಟ್ರು ಎಲ್ಲರ ಕಡೆ ತಿರುಗಿದರು. "ಒಂದು ಗಂಟೆ ಬೋರ್ಡ್ ಮೇಲೆ ಬರೆದ್ರೂ ತಲೆಗೆ ಹೋಗದೇ ಇರೋದು ಇಲ್ಲಿ ಕಣ್ಣೆದುರಿಗಿದೆ. ನೀರು ಹಾರಿತು, ಉಪ್ಪು ಉಳೀತು, ಅದರ ಮೇಲೆ ಇವಳು ಮತ್ತೆ ಉಪ್ಪು ಹೊತ್ತು ತಂದಳು. ಪ್ರೀತಿಯಿಂದ. ಮೊದಲ್ನೇ ದಿನವೇ ಹೇಳಿದ್ದೆ ನಾನು. ಯಾರಿಗೆಲ್ಲ ನೆನಪಿದೆ, ಕೈ ಎತ್ತಿ."

ಕೈಗಳು ಎದ್ದವು. ಕ್ಲಾಸಿನಲ್ಲಿ ಏನು ಕೇಳಿದರೂ ಮೊದಲು ಎತ್ತುವ ಕೈ ತಂಗಿಯದು, ಅಭ್ಯಾಸ. ಅದು ಯೋಚಿಸುವ ಮೊದಲೇ ಮೇಲೆ ಹೋಗಿತ್ತು. ಇಳಿಸಬೇಕೆನ್ನುವಷ್ಟರಲ್ಲಿ ಅಕ್ಕ ತಿರುಗಿ ನೋಡಿದಳು. ಒಂದೊಂದೇ ಕೈಯನ್ನು ನೋಡುತ್ತ ಬಂದು ಅವಳ ಕಣ್ಣು ತಂಗಿಯ ಕೈ ಮೇಲೆ ನಿಂತಿತು. ಬೆರಳಿನಿಂದ ಮೊಣಕೈವರೆಗೆ, ಮೊಣಕೈಯಿಂದ ಮುಖದವರೆಗೆ.

"ನಾನು ಆವತ್ತು ಬಂದಿರ್ಲಿಲ್ಲ ಸರ್," ಎಂದಳು ಅಕ್ಕ.

"ಬಂದವರನ್ನ ಕೇಳೋದಲ್ವಾ?"

"ಕೇಳಿದ್ದೆ ಸರ್," ಎಂದಳು ಅಕ್ಕ. ಅಷ್ಟೇ. ಮೇಷ್ಟ್ರು ಮುಂದಿನ ಟ್ಯಾಂಕಿಗೆ ಹೋದರು.

ಆ ಸಂಜೆ ಮನೆಯಲ್ಲಿ ರಂಪವಾದೀತೆಂದು ತಂಗಿ ಕಾದಳು. ಆಗಲಿಲ್ಲ. ಅಕ್ಕ ಬಸ್ಸಿನಲ್ಲಿ ಎಂದಿನಂತೆ ಹರಟಿದಳು, ಊಟಕ್ಕೆ ಎಂದಿನಂತೆ ಕೂತಳು. "ನಂದು ಎಲ್ಲಾ ಸತ್ತೋಯ್ತು ಅಮ್ಮ, ನಂದೇ ತಪ್ಪು," ಎಂದು ದೊಡ್ಡಮ್ಮನಿಗೆ ಹೇಳಿದಳು. ಮರುದಿನ ಕಾಲೇಜಿನಲ್ಲಿ ಆ ಕೊನೆಯ ಹುಳವನ್ನೂ ತೆಗೆದು, ಟ್ಯಾಂಕು ತೊಳೆದು ಬೋರಲು ಹಾಕಿದವಳು ನೇರವಾಗಿ ತಂಗಿಯ ಪಕ್ಕಕ್ಕೆ ಬಂದು ತೋಳು ಮಡಚಿಕೊಂಡಳು.

"ನಂಗಂತೂ ಇಲ್ಲ. ನಿಂದೇ ಫಸ್ಟ್ ಬರ್ಬೇಕು ಕಣೇ. ಸರಿ, ಹೇಳು, ಏನ್ ಮಾಡ್ಲಿ?"

ಅಕ್ಕನ ಕೈ ತನ್ನ ಟ್ಯಾಂಕಿನ ಹತ್ತಿರ ಬಂದಾಗಲೆಲ್ಲ ತಂಗಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದಳು. ಏನೂ ತಪ್ಪಿರಲಿಲ್ಲ. ಅಕ್ಕ ಡ್ರಮ್ಮಿನಿಂದ ಸಿಹಿನೀರನ್ನೇ ತರುತ್ತಿದ್ದಳು, ಅಳೆದು ಹಾಕುತ್ತಿದ್ದಳು, ಗಾಜು ಒರೆಸುತ್ತಿದ್ದಳು, ತಂಗಿ ಮರೆತ ದಿನ ತಾನೇ ನೆನಪಿಸುತ್ತಿದ್ದಳು. ನಕ್ಷತ್ರಮೀನು ದಪ್ಪಗಾಯಿತು. ವಾರಗಳು ಕಳೆದಂತೆ ತಂಗಿ ಸಮಾಧಾನ ಮಾಡಿಕೊಂಡಳು. ಒಂದೋ ಅಕ್ಕನಿಗೆ ಅರ್ಥವಾಗಿಲ್ಲ, ಇಲ್ಲವೇ ಕ್ಷಮಿಸಿದ್ದಾಳೆ. ಅವಳ ಕೈಲಿ ಬೇರೆ ಏನು ಆಗುತ್ತದೆ, ಒಳ್ಳೆಯವಳು ಪಾಪ.

ಟರ್ಮಿನ ಕೊನೆಗೆ ಮೇಷ್ಟ್ರು ಸಾಲಾಗಿ ನೋಡುತ್ತ ಬಂದು ತಂಗಿಯ ಟ್ಯಾಂಕಿನ ಗಾಜನ್ನು ಬೆರಳಿನಿಂದ ಟಕ್ ಎಂದು ತಟ್ಟಿದರು. "ಹಡಗು ನಿಂದು." ಎರಡನೆಯದು ರೇಡಿಯೋನದು. ಮೊದಲು ಚಪ್ಪಾಳೆ ತಟ್ಟಿದವಳು ಅಕ್ಕ.

ಊಟದ ಹೊತ್ತಿಗೆ ಮಾತು ತೆಗೆದವಳೂ ಅಕ್ಕನೇ. ತಂಗಿಗೆ ಕಾಲು ನೆಲದ ಮೇಲಿರಲಿಲ್ಲ. ದೊಡ್ಡಪ್ಪ ತಟ್ಟೆಯಿಂದ ತಲೆಯೆತ್ತಿ, "ಹಡಗಾ? ಇವಳೊಬ್ಬಳೇನಾ?" ಎಂದು ಅಕ್ಕನನ್ನೇ ಕೇಳಿದರು. ತಂಗಿ ಅಕ್ಕನ ಮುಖ ನೋಡಿದಳು. ಇನ್ನೇನು, ಎರಡು ಮಾತು.

"ಹೂಂ ಅಪ್ಪ, ಇವಳೊಬ್ಬಳೇ," ಎಂದಳು ಅಕ್ಕ ಅಕ್ಕರೆಯಿಂದ. "ಎಷ್ಟು ಚೆನ್ನಾಗಿರುತ್ತೆ ಗೊತ್ತಾ. ನಾನು ಸರ್ ಹತ್ರ ಎಲ್ಲಾ ಕೇಳ್ಕೊಂಡು ಬಂದೆ. ಹದಿನೈದು ದಿನ ದಡಕ್ಕೇ ಬರಲ್ಲ. ಹಡಗಲ್ಲಿರೋರೆಲ್ಲ ಗಂಡಸ್ರೇ, ಆದ್ರೆ ಒಳ್ಳೆ ಜನ ಅಂತೆ. ಮಲಗೋಕೆ ಎಲ್ರಿಗೂ ಸೇರಿ ಒಂದೇ ಕ್ಯಾಬಿನ್ನು, ಮೇಲೊಂದು ಕೆಳಗೊಂದು ಬಂಕು, ಮಧ್ಯೆ ಪರದೆ ಹಾಕ್ಕೋಬೋದು. ಬಾತ್‌ರೂಮು ಒಂದೇ. ಅದರ ಚಿಲಕ ಕಿತ್ತೋಗಿದೆಯಂತೆ, ಹಾಡು ಹೇಳ್ತಾ ಸ್ನಾನ ಮಾಡ್ತಾರಂತೆ, ಒಳಗೆ ಯಾರೋ ಇದಾರೆ ಅಂತ ಗೊತ್ತಾಗ್ಲಿ ಅಂತ. ಫೋನ್ ಸಿಗಲ್ಲ. ಅಲ್ವೇನೇ?"

ಎಲ್ಲವೂ ನಿಜ. ಒಂದಾದರೂ ಸುಳ್ಳಿದ್ದರೆ ತಂಗಿ ಹಿಡಿದುಕೊಳ್ಳುತ್ತಿದ್ದಳು.

"ಚಿಲಕ ಹಾಕಿಸ್ತಾರಂತೆ ದೊಡ್ಡಪ್ಪ," ಎಂದಳು.

"ಹಾಕಿಸ್ಲಿ, ಹಾಕಿಸ್ಲಿ. ಹಾಕಿಸಿದ ಮೇಲೆ ಬೇರೆ ಯಾರಾದ್ರೂ ಹೋಗ್ಲಿ," ಎಂದರು ದೊಡ್ಡಪ್ಪ. ಆಗಲೇ ತುತ್ತು ಬಾಯಿಗೆ ಹೋಗಿತ್ತು.

"ಇವಳಿಗೇನು ಬಂತು ಅಂತ ಅಲ್ಲಿಗೆ ಹೋಗ್ತಾಳೆ," ಎಂದರು ದೊಡ್ಡಮ್ಮ. "ಜೊತೆಗಿರ್ಲಿ ಅಂತ ಕಾಲೇಜಿಗೆ ಹಾಕಿದ್ದು. ಜೊತೇನೇ ಬಿಟ್ಟು ಸಮುದ್ರಕ್ಕೆ ಹೊರಟ್ಲಂತೆ."

ತಂಗಿ ಅಪ್ಪನ ಕಡೆ ತಿರುಗಿದಳು. ಅಪ್ಪ ನೀರಿನ ಲೋಟದ ಒಳಗೆ ನೋಡುತ್ತಿದ್ದ. "ಅಣ್ಣ ಹೇಳಿದ ಮೇಲೆ ಆಯ್ತಲ್ಲಮ್ಮ," ಎಂದ. ಅಮ್ಮ ಬಡಿಸುವ ಸೌಟು ಹಿಡಿದು ಒಳಗೆ ಹೋದವಳು ಹೊರಗೆ ಬರಲಿಲ್ಲ.

ಕೋಣೆಗೆ ಬಂದು ಬಾಗಿಲು ಮುಚ್ಚಿದ್ದೇ ತಂಗಿ ಅಕ್ಕನ ತೋಳು ಹಿಡಿದಳು. "ಒಪ್ಪಿಸ್ತೀನಿ ಅಂದಿದ್ದೆ ನೀನು."

"ಅಂದಿದ್ದೆ," ಎಂದು ಅಕ್ಕ ಮಂಚದ ಮೇಲೆ ಕೂತು ಜಡೆ ಬಿಚ್ಚತೊಡಗಿದಳು. "ನನ್ನ ಟ್ಯಾಂಕಿನ ಉಪ್ಪು ಎಷ್ಟಿತ್ತು ಗೊತ್ತೇನೇ, ಅರವತ್ತು. ಅರ್ಚಿನ್ ಮುಳ್ಳು ಉದುರಿದ ದಿನ ನಾನು ಅತ್ತೆ, ನೀನು ಬೆನ್ನು ಸವರಿದೆ. ರೋಗದ್ದು ಕೊಟ್ಟಿದಾರೆ ಅಂದೆ."

"ಬೈಯೇ. ಹೊಡಿ ಬೇಕಾದ್ರೆ. ಇದೊಂದು ಮಾಡ್ಬೇಡ."

"ನಾನೇನ್ ಮಾಡ್ದೆ? ಇದ್ದಿದ್ದು ಹೇಳ್ದೆ. ನೀನು ಅಷ್ಟೂ ಹೇಳ್ಲಿಲ್ಲ." ಅಕ್ಕ ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಬಿಡಿಸಿ ಕಿಟಕಿಯಿಂದಾಚೆ ಬಿಟ್ಟಳು. "ದೀಪ ಆರ್ಸು."

ಮರುದಿನ ತಂಗಿ ಮೇಷ್ಟ್ರ ಕೋಣೆಯ ಮುಂದೆ ನಿಂತಳು. ಯೋಚಿಸಿ ಯೋಚಿಸಿ ಉಳಿದದ್ದು ಒಂದೇ ದಾರಿ. ಅಕ್ಕನೂ ಬರುತ್ತಾಳೆಂದರೆ ದೊಡ್ಡಪ್ಪ ಬಿಟ್ಟಾರು. ಅಕ್ಕನಿಗೆ ಸೀಟು ಕೊಡಿಸಿದರೆ ಅಕ್ಕನಾದರೂ ಕರಗಿಯಾಳು.

"ಸರ್, ನಮ್ಮಕ್ಕನಿಗೂ ಒಂದು ಬಂಕು ಕೊಡಿ ಸರ್. ಇಲ್ಲಾಂದ್ರೆ ನಂಗೆ ಮನೇಲಿ ಬಿಡಲ್ಲ."

ಮೇಷ್ಟ್ರು ಬೂಟಿನಿಂದ ಮರಳು ಕೊಡವುತ್ತಿದ್ದರು. "ಅವಳಿಗೆ ನೀರಿನ ವಿಷಯಾನೇ ಹೇಳದೋಳು ನೀನು. ಈಗ ಬಂಕು ಕೇಳ್ತೀಯಾ?"

"ನಿಮಗೆ ಗೊತ್ತಿತ್ತಾ ಸರ್?"

"ಕ್ಯಾನು ಹೊತ್ಕೊಂಡು ನನ್ನ ಕಿಟಕಿ ಮುಂದೇನೇ ಹೋಗ್ತಿದ್ದಳಲ್ಲ. ಪ್ರತಿ ವರ್ಷ ಯಾರಾದ್ರೂ ಒಬ್ಬರು ಹೀಗೆ ಮಾಡ್ತಾರೆ. ಮಾಡದೇ ಇದ್ರೆ ನನ್ನ ಪಾಠಕ್ಕೆ ಕಷ್ಟ." ಇನ್ನೊಂದು ಬೂಟನ್ನು ಬೋರಲು ಹಿಡಿದರು. "ನೋಡಮ್ಮ, ಟ್ಯಾಂಕು ಚೆನ್ನಾಗಿಟ್ಟೋರಿಗೆ ಹಡಗು ಅಂದಿದ್ದೆ. ಇಟ್ಟಿದ್ದೀಯ, ಕೊಟ್ಟೆ. ಮನೇಲಿ ಬಿಡಲ್ಲ ಅನ್ನೋದಕ್ಕೆ ನನ್ನ ಹತ್ರ ಪ್ರಾಕ್ಟಿಕಲ್ ಇಲ್ಲ. ಬರೋಕಾಗಲ್ಲ ಅಂದ್ರೆ ಎರಡನೆಯವನಿಗೆ ನೀನೇ ಹೋಗಿ ಹೇಳು, ನಾಡಿದ್ದು ಹೊರಡೋದು."

ರೇಡಿಯೋ ಕ್ಯಾಂಟೀನಿನಲ್ಲಿ ಸಿಕ್ಕ. ಕಾಲ ಬಳಿ ಹೊಸದೊಂದು ದೊಡ್ಡ ಬ್ಯಾಗು, ಚೀಟಿ ಇನ್ನೂ ಜೋತಾಡುತ್ತಿತ್ತು. ತಂಗಿ ಹೇಳಬೇಕಾದ್ದನ್ನು ಹೇಳಿದಳು. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಗೊತ್ತು. ನಿಮ್ಮಕ್ಕ ಹೇಳಿದ್ಲಲ್ಲ, ಬ್ಯಾಗ್ ರೆಡಿ ಮಾಡ್ಕೋ ಅಂತ."

"ಇವತ್ತು ಬೆಳಿಗ್ಗೆನಾ?"

"ಇಲ್ಲಪ್ಪ, ಹೋದ ವಾರ."

ಹೋದ ವಾರ ಮೇಷ್ಟ್ರು ಟ್ಯಾಂಕುಗಳನ್ನು ನೋಡಿಯೇ ಇರಲಿಲ್ಲ.

"ನಾನೂ ಕೇಳ್ದೆ," ಎಂದ ರೇಡಿಯೋ. "ಫಸ್ಟ್ ಬರೋದು ನಿನ್ ತಂಗೀದು ತಾನೆ, ನಂಗೆ ಹೇಗೆ ಸಿಗುತ್ತೆ ಅಂತ. ಅದಕ್ಕೆ, 'ಫಸ್ಟು ಅವಳೇ ಬರ್ತಾಳೆ, ಬರೋ ಹಾಗೆ ನಾನು ನೋಡ್ಕೋತೀನಿ. ಹೋಗೋದು ನೀನು,' ಅಂದ್ಲು. ಹಿಂಗೇ ನಗ್ತಾ ನಗ್ತಾ." ಅವನು ತಂಗಿಯ ಮುಖ ನೋಡಿ ಟೀ ಲೋಟವನ್ನು ಅವಳ ಕಡೆ ತಳ್ಳಿದ. "ನಿಮ್ಮನೇಲಿ ಎಲ್ರೂ ಹಿಂಗೇನಾ? ಕುಡಿ, ಬಿಸಿ ಇದೆ."

ತಂಗಿ ಕುಡಿಯಲಿಲ್ಲ. ಆ ಉದ್ದನೆಯ ಕೋಣೆಗೆ ಹೋಗಿ ತನ್ನ ಟ್ಯಾಂಕಿನ ಮುಂದೆ ನಿಂತಳು. ಟರ್ಮ್ ಮುಗಿದಿತ್ತು. ಇವತ್ತೇ ಎಲ್ಲವನ್ನೂ ಸಮುದ್ರಕ್ಕೆ ಬಿಡಬೇಕಿತ್ತು. ಬಕೆಟ್ಟಿಗೆ ಹಾಕಿ, ಬಂಡೆಗಳ ಹತ್ತಿರ ಹೋಗಿ, ಒಂದೊಂದಾಗಿ ಬಿಟ್ಟಳು. ಅರ್ಚಿನ್ ಬಂಡೆಯ ಸಂದಿಗೆ ಸರಿಯಿತು, ಶಂಖದ ಹುಳಗಳು ಕಂಡೂ ಕಾಣದಂತಾದವು. ದೂರದಲ್ಲಿ, ಬಂದರಿನಲ್ಲಿ ಕಟ್ಟಿ ನಿಲ್ಲಿಸಿದ ಸರ್ವೇ ಹಡಗಿಗೆ ಯಾರೋ ಬಲೆಯ ಸುರುಳಿ ಹತ್ತಿಸುತ್ತಿದ್ದರು. ಅವಳು ಆ ಕಡೆ ಹೆಚ್ಚು ಹೊತ್ತು ನೋಡಲಿಲ್ಲ. ಬಸ್ಸಿನ ಹೊತ್ತಾಗಿತ್ತು.

ಬಸ್ಸು ಅರ್ಧಕ್ಕರ್ಧ ಖಾಲಿ. ಎಲ್ಲಿ ಬೇಕಾದರೂ ಕೂರಬಹುದಿತ್ತು. ಆದರೆ ಆ ತುದಿಯ ಸ್ಟಾಪಿನಲ್ಲಿ ದೊಡ್ಡಪ್ಪ ನಿಂತಿರುತ್ತಾರೆ, ಇಬ್ಬರೂ ಒಟ್ಟಿಗೇ ಇಳಿದರೇ ಅವರಿಗೆ ಸಮಾಧಾನ. ಅಕ್ಕ ತನ್ನ ಪಕ್ಕದಲ್ಲಿದ್ದ ಬ್ಯಾಗನ್ನು ತೊಡೆಯ ಮೇಲೆ ಎತ್ತಿಕೊಂಡಳು.

"ಬಾರೇ, ಜಾಗ ಹಿಡಿದಿದ್ದೀನಿ."

ತಂಗಿ ನಿಂತೇ ಇದ್ದಳು. ಬಸ್ಸು ಹೊರಟು ಜೋಲಿ ಹೊಡೆದಾಗ ಕೂತಳು. ಅಕ್ಕ ತೋಳಿಗೆ ತೋಳು ಒತ್ತಿ, ಗುಟ್ಟು ಹೇಳುವವಳಂತೆ ಬಗ್ಗಿದಳು.

"ಮುಂದಿನ ಟರ್ಮ್ ಮೀನು ಕೊಡ್ತಾರಂತೆ ಕಣೇ. ಇಬ್ಬಿಬ್ಬರಿಗೆ ಒಂದು ಟ್ಯಾಂಕು. ನಾನು ಸರ್‌ಗೆ ಆಗ್ಲೇ ಹೇಳ್ಬಿಟ್ಟೆ, ನಾವಿಬ್ರೂ ಒಟ್ಟಿಗೇ ಅಂತ. ಇನ್ನೂ ಎರಡು ವರ್ಷ ಇದೆಯಲ್ಲ."